ಹಾಡು ಏನು ಮಾಡಬಲ್ಲದು, ಏನು ಮಾಡಲಾರದು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಂಗೀತ ಚಿಕಿತ್ಸೆಯಿಂದ ಆರೋಗ್ಯಕ್ಕೆ ಏನು ಪ್ರಯೋಜನ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಮಿತಿಯವರು ಹೇಳಿದಾಗ ನನಗೆ ನಗು ಬಂತು. ಯಾಕೆಂದರೆ ಈ ಶಾಲೆಯ ಪ್ರಾರ್ಥನೆಯಲ್ಲಿ ನನ್ನನ್ನು ಯಾವಾಗಲೂ ಹಿಂದಿನ ಸಾಲಿಗೆ ಕಳಿಸುತ್ತಿದ್ದರು. ಶ್ರುತಿ ಒಂದು ಕಡೆ, ನಾನು ಒಂದು ಕಡೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ನಾನು ಸಂಗೀತಗಾರ್ತಿಯಲ್ಲ. ಡಾಕ್ಟರೂ ಅಲ್ಲ, ಊರಿನವರು ಪ್ರೀತಿಯಿಂದ ‘ಮಾತು ಕಲಿಸೋ ಡಾಕ್ಟ್ರಮ್ಮ’ ಅಂತ ಕರೆದರೂ. ನಾನು ವಾಕ್ ಚಿಕಿತ್ಸಕಿ. ಮಾತು ಬಾರದ ಮಕ್ಕಳು, ಲಕ್ವ ಹೊಡೆದು ಮಾತು ನಿಂತುಹೋದ ದೊಡ್ಡವರು, ಇವರ ಜೊತೆ ಕೂತು ಒಂದೊಂದೇ ಶಬ್ದ ಎತ್ತಿ ಕೊಡುವುದು ನನ್ನ ಕೆಲಸ. ಆ ಕೆಲಸದಲ್ಲಿ ಹಾಡು ನನಗೆ ಒಂದು ಸಾಧನ. ಬಡಗಿಗೆ ಉಳಿ ಹೇಗೋ ಹಾಗೆ. ಉಳಿ ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದು ಬಡಗಿಗೆ ಗೊತ್ತಿರಬೇಕು. ಇವತ್ತು ನಾನು ಹೇಳಬೇಕೆಂದಿರುವುದೂ ಅಷ್ಟೇ.

ಈ ಕೆಲಸಕ್ಕೆ ನಾನು ಬಂದದ್ದು ನನ್ನ ಅಪ್ಪನಿಂದ. ಇಲ್ಲಿ ಕೂತಿರುವ ಅನೇಕರಿಗೆ ಅವರು ಗೊತ್ತು. ಊರಹಬ್ಬಕ್ಕೆ ‘ಕುರುಕ್ಷೇತ್ರ’ ನಾಟಕ ಕಟ್ಟಿದರೆ ಕೃಷ್ಣನ ಪಾತ್ರ ಅವರದೇ. ಹಾರ್ಮೋನಿಯಂ ಮೇಷ್ಟ್ರು ಮಟ್ಟು ಎತ್ತುವ ಮೊದಲೇ ಅಪ್ಪ ಕಂದ ಶುರು ಮಾಡಿಬಿಡುತ್ತಿದ್ದರು ಎಂದು ಈಗಲೂ ಜನ ಹೇಳುತ್ತಾರೆ.

2006ರ ಜನವರಿ, ಸಂಕ್ರಾಂತಿಗೆ ಹತ್ತು ದಿನ ಇತ್ತು. ನಾನು ಎರಡನೇ ಪಿಯುಸಿ. ಅಪ್ಪ ಸಂಜೆ ಕಣದಿಂದ ಬಂದು ಜಗುಲಿಯ ಮೇಲೆ ಕೂತರು. ಅವ್ವ ಕಾಫಿ ಕೊಟ್ಟಳು, ಲೋಟ ಕೈಯಿಂದ ಜಾರಿತು. ಏನೋ ಹೇಳಲು ಹೋದರು, ನಾಲಿಗೆ ಹೊರಳಲಿಲ್ಲ. ಬಾಯಿ ಒಂದು ಕಡೆ ಎಳೆದಿತ್ತು. ನಾನು ಮೊದಲು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ, ನಾಟಕದವರಲ್ಲವೇ. ಅಕ್ಕಪಕ್ಕದವರು ಸೇರಿದರು. ‘ಲಕ್ವ ಹೊಡ್ದದೆ, ಆಸ್ಪತ್ರೆಗೆ ಹೋಗ್ಬೇಡಿ, ಸೂಜಿ ಚುಚ್ಚಿಸಿದ್ರೆ ಕೈಕಾಲು ವಾಸಿಯಾಗಕ್ಕಿಲ್ಲ’ ಅಂದರು. ಎಣ್ಣೆ ತಿಕ್ಕುವವರೊಬ್ಬರ ಊರಿಗೆ ಕರೆದುಕೊಂಡು ಹೋದೆವು. ರಾತ್ರಿಯೆಲ್ಲ ಎಣ್ಣೆ ತಿಕ್ಕಿದರು. ಬೆಳಿಗ್ಗೆ ಪಾರಿವಾಳದ ರಕ್ತ ಸವರಿದರು. ಅಪ್ಪ ಆಸ್ಪತ್ರೆ ಸೇರಿದ್ದು ಮರುದಿನ ಮಧ್ಯಾಹ್ನ. ಅಲ್ಲಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ‘ಎಷ್ಟು ಹೊತ್ತಿಗೆ ಶುರುವಾಯಿತು?’ ಎಂದು. ನಾನು ಹೇಳಿದೆ. ಅವರು ಏನೂ ಬೈಯಲಿಲ್ಲ. ಗಡಿಯಾರ ನೋಡಿ ಸುಮ್ಮನಾದರು.

ಆ ಸಂಜೆ ಮನೆಯಲ್ಲಿದ್ದವರಲ್ಲಿ ಹೈಸ್ಕೂಲು ದಾಟಿದವಳು ನಾನೊಬ್ಬಳೇ. ಇದೇ ಶಾಲೆಯಲ್ಲಿ ಮೆದುಳಿನ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಆದರೂ ‘ಆಸ್ಪತ್ರೆಗೆ ಹೋಗೋಣ’ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಇದನ್ನು ನಾನು ಮುಂದೆ ಮತ್ತೆ ಎತ್ತುತ್ತೇನೆ.

ಹದಿನೈದು ದಿನದ ನಂತರ ಅಪ್ಪನನ್ನು ಮನೆಗೆ ಕರೆತಂದೆವು. ಬಲಗೈ, ಬಲಗಾಲು ಸ್ವಾಧೀನದಲ್ಲಿ ಇರಲಿಲ್ಲ. ನಾವು ಹೇಳಿದ್ದು ಅರ್ಥವಾಗುತ್ತಿತ್ತು, ಆದರೆ ಮಾತು ಪೂರ್ತಿ ಹೋಗಿತ್ತು. ನೀರು ಬೇಕಾದರೆ ‘ತಾ ತಾ’ ಎನ್ನುವರು, ಊಟ ಬೇಕಾದರೂ ಅದೇ ‘ತಾ ತಾ’. ನಮಗೆ ತಿಳಿಯದಿದ್ದರೆ ಕಣ್ಣಲ್ಲಿ ನೀರು ತುಂಬುತ್ತಿತ್ತು. ಒಂದು ದಿನ ಸಂಜೆ ರಾಮಮಂದಿರದಲ್ಲಿ ಭಜನೆ ಶುರುವಾಯಿತು. ಹಾಸಿಗೆಯಲ್ಲಿ ಮಲಗಿದ್ದ ಅಪ್ಪ ಆ ಭಜನೆಯ ಜೊತೆ ಹಾಡತೊಡಗಿದರು. ತೊದಲಲ್ಲ, ಪೂರ್ತಿ ಸಾಲು, ಪದ ಪದವೂ ಸ್ಪಷ್ಟ. ಅವ್ವ ದೇವರ ಮನೆಗೆ ಓಡಿ ದೀಪ ಹಚ್ಚಿದಳು. ಅಪ್ಪನಿಗೆ ಮಾತು ಬಂತು ಎಂದು ಬೀದಿಯೆಲ್ಲ ಸುದ್ದಿಯಾಯಿತು.

ಹಾಡು ಮುಗಿಯಿತು. ನಾನು ಹತ್ತಿರ ಹೋಗಿ ‘ಅಪ್ಪ, ನೀರು ಬೇಕಾ?’ ಅಂದೆ. ‘ತಾ ತಾ’ ಅಂದರು.

ಅವತ್ತಿನಿಂದ ನಮ್ಮ ಮನೆಯಲ್ಲಿ ಹೊಸ ಕಷ್ಟ ಶುರುವಾಯಿತು. ‘ಹಾಡಾದ್ರೆ ಗಿಣಿ ಹಂಗೆ ಹಾಡ್ತಾನೆ, ನೀರು ಕೇಳಕ್ಕೆ ಬಾಯಿ ಬರಲ್ವಾ? ಎಲ್ಲಾ ಹಠ’ ಎಂದು ಬಂಧುಗಳು ಎದುರಿಗೇ ಹೇಳತೊಡಗಿದರು. ಅಪ್ಪನಿಗೆ ಎಲ್ಲ ಕೇಳಿಸುತ್ತಿತ್ತು, ಅರ್ಥವಾಗುತ್ತಿತ್ತು. ಉತ್ತರ ಕೊಡಲು ಮಾತ್ರ ಆಗುತ್ತಿರಲಿಲ್ಲ. ಆಮೇಲೆ ಅವರು ಹಾಡುವುದನ್ನೂ ನಿಲ್ಲಿಸಿಬಿಟ್ಟರು.

ಯಾರೋ ಹೇಳಿದರು ಎಂದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಅಲ್ಲಿನ ಮೇಡಂ ಒಬ್ಬರು ನಮ್ಮನ್ನೆಲ್ಲ ಕೂರಿಸಿ ಹೇಳಿದ ಮಾತು ನನ್ನ ದಾರಿಯನ್ನೇ ತಿರುಗಿಸಿತು. ‘ಇದು ಹಠ ಅಲ್ಲಮ್ಮ. ಮಾತು ಜೋಡಿಸುವ ಜಾಗ ಬಹುತೇಕ ಜನರಿಗೆ ಮೆದುಳಿನ ಎಡಗಡೆ ಇರುತ್ತದೆ. ನಿಮ್ಮ ತಂದೆಗೆ ಅಲ್ಲಿಯೇ ರಕ್ತ ನಿಂತು ಪೆಟ್ಟಾಗಿದೆ. ಹಾಡಿಗೆ ಮೆದುಳು ಎರಡೂ ಕಡೆಯನ್ನು ಬಳಸುತ್ತದೆ. ನೂರಾರು ಸಲ ಹಾಡಿ ಬಾಯಿಪಾಠವಾದ ಹಾಡು ತಾನಾಗಿ ಹೊರಗೆ ಬರುತ್ತದೆ. ನೀರು ಬೇಕು ಎನ್ನುವುದು ಬಾಯಿಪಾಠವಲ್ಲ. ಪ್ರತಿ ಸಲವೂ ಅದನ್ನು ಹೊಸದಾಗಿ ಕಟ್ಟಬೇಕು. ಅದು ಅವರಿಂದ ಆಗುತ್ತಿಲ್ಲ.’

ಆಮೇಲೆ ಓದುವಾಗ ನನಗೆ ತಿಳಿಯಿತು, ಇದು ನಮ್ಮ ಅಪ್ಪನೊಬ್ಬರ ಕಥೆಯಲ್ಲ. 1745ರಲ್ಲೇ ಸ್ವೀಡನ್ ದೇಶದ ಒಲೋಫ್ ಡಾಲಿನ್ ಎಂಬವರು, ಮಾತು ಪೂರ್ತಿ ನಿಂತಿದ್ದರೂ ಪ್ರಾರ್ಥನೆಯ ಹಾಡು ಹಾಡಬಲ್ಲ ಒಬ್ಬ ಮನುಷ್ಯನ ಬಗ್ಗೆ ಬರೆದಿಟ್ಟಿದ್ದಾರೆ. ಎಡ ಮೆದುಳಿನ ಒಂದು ಭಾಗಕ್ಕೂ ಮಾತಿಗೂ ಇರುವ ಸಂಬಂಧವನ್ನು ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ ತೋರಿಸಿಕೊಟ್ಟದ್ದು 1861ರಲ್ಲಿ. ಹಾಡನ್ನೇ ಏಣಿ ಮಾಡಿಕೊಂಡು ಮಾತಿಗೆ ಹತ್ತುವ ಒಂದು ಕ್ರಮವನ್ನು ಅಮೆರಿಕದ ಬಾಸ್ಟನ್ ನಗರದ ತಜ್ಞರು 1973ರಲ್ಲಿ ಪ್ರಕಟಿಸಿದರು. ಮೆಲೋಡಿಕ್ ಇಂಟೊನೇಷನ್ ಥೆರಪಿ ಎಂದು ಅದರ ಹೆಸರು. ನಾವು ಸುಲಭಕ್ಕೆ ರಾಗದ ಮಾತಿನ ಚಿಕಿತ್ಸೆ ಎನ್ನಬಹುದು.

ಅದನ್ನು ಹೇಗೆ ಮಾಡುತ್ತಾರೆ? ‘ನೀರು ಬೇಕು’ ಎಂಬ ಮಾತನ್ನೇ ತೆಗೆದುಕೊಳ್ಳಿ. ನೀ, ರು, ಬೇ, ಕು, ನಾಲ್ಕು ಅಕ್ಷರ. ‘ನೀ’ ಮತ್ತು ‘ಬೇ’ ಮೇಲಿನ ಸ್ವರದಲ್ಲಿ, ಉಳಿದೆರಡು ಕೆಳಗಿನ ಸ್ವರದಲ್ಲಿ. ಎರಡೇ ಸ್ವರ ಸಾಕು, ರಾಗ ತಾಳ ಏನೂ ಬೇಡ. ಮೊದಲು ನಾನು ಬರೀ ಗುನುಗುತ್ತೇನೆ. ರೋಗಿಯ ಎಡಗೈಯನ್ನು ಹಿಡಿದು ಒಂದೊಂದು ಅಕ್ಷರಕ್ಕೆ ಒಂದೊಂದು ಸಲ ಮೇಜಿನ ಮೇಲೆ ಮೆಲ್ಲಗೆ ತಟ್ಟಿಸುತ್ತೇನೆ. ಆಮೇಲೆ ಇಬ್ಬರೂ ಸೇರಿ ಮಾತು ಹಾಕಿ ಹಾಡುತ್ತೇವೆ. ನಂತರ ಅರ್ಧಕ್ಕೆ ನಾನು ನಿಲ್ಲಿಸುತ್ತೇನೆ, ಅವರು ಮುಂದುವರಿಸಬೇಕು. ಆಮೇಲೆ ನಾನು ಹಾಡಿದ್ದನ್ನು ಅವರೊಬ್ಬರೇ ಹೇಳಬೇಕು. ಕೊನೆಗೆ ‘ಏನು ಬೇಕು?’ ಎಂದು ಕೇಳುತ್ತೇನೆ, ಅವರು ‘ನೀರು ಬೇಕು’ ಎನ್ನಬೇಕು. ಅಷ್ಟು ಹೊತ್ತಿಗೆ ರಾಗ ಸ್ವಲ್ಪ ಸ್ವಲ್ಪವೇ ಕಳಚಿ ಮಾತು ಉಳಿಯಬೇಕು. ಹೇಳುವುದಕ್ಕೆ ಎರಡು ನಿಮಿಷ. ಆಗುವುದಕ್ಕೆ ವಾರಗಳು, ತಿಂಗಳುಗಳು.

ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಸಲ, ಬೆಳಿಗ್ಗೆ ನಾನು, ಸಂಜೆ ಅವ್ವ, ಅಪ್ಪನ ಎದುರು ಕೂರುತ್ತಿದ್ದೆವು. ಅವ್ವನಿಗೆ ಓದು ಬರುತ್ತಿರಲಿಲ್ಲ, ಆದರೆ ಸೋಬಾನೆ ಪದ ಹೇಳುವವಳು. ನನಗಿಂತ ಅವಳೇ ಚೆನ್ನಾಗಿ ಮಾಡಿಸುತ್ತಿದ್ದಳು. ನಾಲ್ಕನೆಯ ತಿಂಗಳು ಒಂದು ಬೆಳಿಗ್ಗೆ ಯಾರೂ ಕೇಳದೆ, ಯಾರೂ ಹಾಡದೆ, ಅಪ್ಪ ಅಡುಗೆ ಮನೆಯ ಕಡೆ ತಿರುಗಿ, ತೊಡೆಯ ಮೇಲೆ ಎಡಗೈ ತಟ್ಟಿಕೊಂಡು, ‘ನೀರು ಬೇಕು’ ಅಂದರು. ಅವ್ವ ಬಿಂದಿಗೆಯನ್ನೇ ಎತ್ತಿಕೊಂಡು ಬಂದಳು.

ಈಗ ಪೂರ್ತಿ ಲೆಕ್ಕವನ್ನೂ ಹೇಳಬೇಕು. ಅಪ್ಪ ಮುಂದೆ ಹನ್ನೊಂದು ವರ್ಷ ಬದುಕಿದ್ದರು. ಅಭ್ಯಾಸ ಮಾಡಿಸಿದ ಇಪ್ಪತ್ತು ಮೂವತ್ತು ಮಾತುಗಳು ಬಂದವು. ನಮ್ಮ ಹೆಸರುಗಳು ಬಂದವು. ಆದರೆ ಮೊದಲಿನ ಹಾಗೆ ಕಟ್ಟೆಯ ಮೇಲೆ ಕೂತು ಮಾತನಾಡಲು ಕೊನೆಯವರೆಗೂ ಆಗಲಿಲ್ಲ. ಬಲಗೈ ಏಳಲೇ ಇಲ್ಲ. ಸಂಶೋಧನೆಗಳು ಹೇಳುವುದೂ ಇದಕ್ಕೆ ಹತ್ತಿರವೇ ಇದೆ. ಈ ವಿಧಾನದಲ್ಲಿ ಅಭ್ಯಾಸ ಮಾಡಿಸಿದ ಮಾತುಗಳು ಚೆನ್ನಾಗಿ ಬರುತ್ತವೆ. ಅಭ್ಯಾಸ ಮಾಡಿಸದ ಮಾತುಗಳಿಗೆ ಅದರ ಫಲ ಅಷ್ಟಾಗಿ ಹರಡುವುದಿಲ್ಲ. ಎಲ್ಲ ಬಗೆಯ ಮಾತಿನ ನಷ್ಟಕ್ಕೂ ಇದು ಹೊಂದುವುದಿಲ್ಲ. ಅರ್ಥ ಮಾಡಿಕೊಳ್ಳುವ ಶಕ್ತಿ ಉಳಿದು, ಹೇಳುವ ಶಕ್ತಿ ಮಾತ್ರ ಹೋದವರಿಗೆ ಇದು ಹೆಚ್ಚು ಒಗ್ಗುತ್ತದೆ.

ಈ ಶಾಲೆಯಲ್ಲಿ ನಮಗೆ ವಿಜ್ಞಾನ ಕಲಿಸಿದ ಮೇಷ್ಟ್ರು ಒಂದು ಪ್ರಶ್ನೆ ಕೇಳುತ್ತಿದ್ದರು. ನಾವು ಏನೇ ಉತ್ತರ ಹೇಳಿದರೂ, ಸರಿಯಿದ್ದರೂ, ‘ಹೇಗೆ ಗೊತ್ತಾಯಿತು?’ ಎನ್ನುವರು. ‘ಪುಸ್ತಕದಲ್ಲಿದೆ ಸಾರ್’ ಅಂದರೆ, ‘ಪುಸ್ತಕ ಬರೆದವರಿಗೆ ಹೇಗೆ ಗೊತ್ತಾಯಿತು?’ ಎನ್ನುವರು. ಹಾಡಿನಿಂದ ಆರೋಗ್ಯ ಎಂದು ಹೇಳುವವರಿಗೂ ನಾವು ಇದೇ ಪ್ರಶ್ನೆ ಕೇಳಬೇಕು. ಅಂಥ ಪ್ರಶ್ನೆಗೆ ನಿಂತು ಉತ್ತರ ಕೊಡುವ ಕೆಲವು ಸಂಗತಿಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಒಂದು, ಶಸ್ತ್ರಚಿಕಿತ್ಸೆಯ ನೋವು. 2015ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 73 ಪ್ರಯೋಗಗಳನ್ನು, ಸುಮಾರು 7,000 ರೋಗಿಗಳ ಮಾಹಿತಿಯನ್ನು ಒಟ್ಟು ಸೇರಿಸಿ ನೋಡಿದ ವರದಿ ಬಂತು. ಆಪರೇಷನ್ನಿನ ಮುಂಚೆಯೋ ನಂತರವೋ ಸಂಗೀತ ಕೇಳಿಸಿಕೊಂಡವರಿಗೆ ನೋವು, ಆತಂಕ ಎರಡೂ ಕಡಿಮೆ ಇದ್ದವು. ನೋವಿನ ಔಷಧಿಯೂ ಕಡಿಮೆ ಬೇಕಾಯಿತು. ಆದರೆ ಅವರು ಆಸ್ಪತ್ರೆಯಿಂದ ಬೇಗ ಮನೆಗೆ ಹೋದರು ಎಂದೇನೂ ಕಂಡುಬರಲಿಲ್ಲ.

ಎರಡು, ಪಾರ್ಶ್ವವಾಯು ಆದವರ ಮನಸ್ಸು. ಫಿನ್ಲೆಂಡಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಸುಮಾರು 60 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ತನಗೆ ಇಷ್ಟವಾದ ಸಂಗೀತವನ್ನು ದಿನಕ್ಕೆ ಒಂದು ಗಂಟೆಯಾದರೂ ಎರಡು ತಿಂಗಳು ಕೇಳಿತು. ಇನ್ನೊಂದು ಗುಂಪು ಓದಿ ಧ್ವನಿಮುದ್ರಿಸಿದ ಪುಸ್ತಕ ಕೇಳಿತು. ಮೂರನೆಯದಕ್ಕೆ ಏನೂ ಕೇಳಿಸಲಿಲ್ಲ. ಮಾಮೂಲಿ ಚಿಕಿತ್ಸೆ ಮೂವರಿಗೂ ಇತ್ತು. ಸಂಗೀತ ಕೇಳಿದವರಲ್ಲಿ ಪದಗಳನ್ನು ನೆನಪಿಡುವುದು, ಗಮನ ನಿಲ್ಲಿಸುವುದು ಹೆಚ್ಚು ಸುಧಾರಿಸಿತು. ಏನೂ ಕೇಳದವರಷ್ಟು ಮಂಕು ಅವರನ್ನು ಕವಿಯಲಿಲ್ಲ.

ಮೂರು, ನಡಿಗೆ. ಪಾರ್ಕಿನ್ಸನ್ ಕಾಯಿಲೆಯವರು ನಡೆಯುವಾಗ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಸಮನಾದ ತಾಳ ಕೇಳಿಸಿದರೆ ಆ ತಾಳಕ್ಕೆ ಹೆಜ್ಜೆ ಹೊಂದಿಕೊಳ್ಳುತ್ತದೆ. ಅಮೆರಿಕದ ಕೊಲರಾಡೊದ ತಜ್ಞರು 1996ರಲ್ಲಿ, ಮನೆಯಲ್ಲಿಯೇ ಮೂರು ವಾರ ತಾಳಬದ್ಧ ಸಂಗೀತಕ್ಕೆ ನಡೆದು ಅಭ್ಯಾಸ ಮಾಡಿದವರ ನಡಿಗೆಯ ವೇಗ ಹೆಚ್ಚಿ, ಹೆಜ್ಜೆ ಉದ್ದವಾದುದನ್ನು ತೋರಿಸಿದರು. ಕೋಲಾಟ ಆಡಿಸುವ ನಮ್ಮ ಊರಿನವರಿಗೆ ಇದು ಆಶ್ಚರ್ಯವಲ್ಲ. ಕಾಲಿಗೆ ತಾಳ ದಾರಿ ತೋರಿಸುತ್ತದೆ.

ನಾಲ್ಕು, ಎಳೆಗೂಸು. ಅವಧಿಗೆ ಮುಂಚೆ ಹುಟ್ಟಿದ 272 ಮಕ್ಕಳ ಮೇಲೆ ಅಮೆರಿಕದ 11 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ತಂದೆ ತಾಯಿ ಆರಿಸಿದ ಜೋಗುಳವನ್ನು ಹತ್ತಿರ ಕೂತು ಮೆಲ್ಲಗೆ ಹಾಡಿದಾಗ, ಉಸಿರಾಟದಂಥ, ಎದೆಬಡಿತದಂಥ ಮೆಲುದನಿ ಕೇಳಿಸಿದಾಗ, ಮಕ್ಕಳ ಎದೆಬಡಿತ ಶಾಂತವಾಯಿತು. ನಿದ್ದೆ, ಹಾಲು ಕುಡಿಯುವುದು ಉತ್ತಮಗೊಂಡವು. ಹೆತ್ತವರ ಆತಂಕವೂ ಇಳಿಯಿತು. ಹೆತ್ತ ತಾಯಿಯ ಮಾತು ಬಂದದ್ದರಿಂದ ಇನ್ನೊಂದು ಹೇಳುತ್ತೇನೆ. ಬಾಣಂತಿಯರಿಗೆ ಬರುವ ಖಿನ್ನತೆಯನ್ನು ನಮ್ಮಲ್ಲಿ ಸೋಮಾರಿತನ ಎಂದೋ, ಗಾಳಿ ಸೋಕಿದೆ ಎಂದೋ ಹೇಳಿಬಿಡುತ್ತಾರೆ. ಇಂಗ್ಲೆಂಡಿನಲ್ಲಿ 134 ಬಾಣಂತಿಯರನ್ನು ಸೇರಿಸಿ ಮಾಡಿದ ಅಧ್ಯಯನ 2018ರಲ್ಲಿ ಬಂತು. ಅದರಲ್ಲಿ ಖಿನ್ನತೆ ಜೋರಾಗಿದ್ದವರ ಪೈಕಿ, ಮಕ್ಕಳನ್ನು ಎತ್ತಿಕೊಂಡು ಹತ್ತು ವಾರ ಗುಂಪಿನಲ್ಲಿ ಹಾಡಿದವರು ಉಳಿದವರಿಗಿಂತ ಬೇಗ ಚೇತರಿಸಿಕೊಂಡರು. ಬಾಣಂತಿಯ ಮನೆಯಲ್ಲಿ ಹೆಂಗಸರು ಸೇರಿ ಪದ ಹೇಳುವ ನಮ್ಮ ಪದ್ಧತಿ ಸುಮ್ಮನೆ ಬಂದದ್ದಲ್ಲ ಎಂದು ನನಗನ್ನಿಸುತ್ತದೆ.

ಐದು, ಮರೆವಿನ ಕಾಯಿಲೆ. ಇದರ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ 2018ರಲ್ಲಿ ಒಟ್ಟು ಮಾಡಿ ನೋಡಿದಾಗ, ಹಾಡು ಸಂಗೀತದಿಂದ ಆ ಹಿರಿಯರ ಖಿನ್ನತೆ ಕಡಿಮೆಯಾದದ್ದು ಕಂಡಿತು. ಹೋದ ನೆನಪು ಮಾತ್ರ ಮರಳಲಿಲ್ಲ. ಮನೆಯವರು ಈ ವ್ಯತ್ಯಾಸವನ್ನು ತಿಳಿದಿರಬೇಕು. ಅಜ್ಜಿ ಹಳೆಯ ಪದ ಹೇಳಿದಳು ಎಂದರೆ ಕಾಯಿಲೆ ವಾಸಿಯಾಯಿತು ಎಂದಲ್ಲ. ಆ ಹೊತ್ತು ಅವಳು ನೆಮ್ಮದಿಯಾಗಿದ್ದಾಳೆ ಎಂದರ್ಥ. ಅದೂ ಸಣ್ಣ ಮಾತಲ್ಲ.

ಈಗ ಏನು ಆಗುವುದಿಲ್ಲ ಎಂಬುದು.

ಈ ರಾಗಕ್ಕೆ ಬಿಪಿ ಇಳಿಯುತ್ತದೆ, ಆ ರಾಗಕ್ಕೆ ಸಕ್ಕರೆ ಇಳಿಯುತ್ತದೆ ಎಂಬ ಪಟ್ಟಿಗಳು ನಿಮ್ಮ ಫೋನಿಗೂ ಬಂದಿರುತ್ತವೆ. ಮುತ್ತುಸ್ವಾಮಿ ದೀಕ್ಷಿತರು ಶಿಷ್ಯನ ಹೊಟ್ಟೆನೋವಿಗಾಗಿ ಗುರುಗ್ರಹದ ಮೇಲೆ ಕೃತಿ ರಚಿಸಿದರೆಂಬ ಕಥೆ, ತ್ಯಾಗರಾಜರು ಬಿಲಹರಿ ರಾಗದಲ್ಲಿ ಹಾಡಿ ಸತ್ತವನನ್ನು ಬದುಕಿಸಿದರೆಂಬ ಕಥೆ ಕೂಡ ನೀವು ಕೇಳಿರುತ್ತೀರಿ. ಸಂಗೀತದ ಮೇಲೆ ನಮ್ಮ ಹಿರಿಯರಿಗಿದ್ದ ಭಕ್ತಿಗೆ ಅವು ಸಾಕ್ಷಿ. ಅವಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಇಂಥ ರಾಗಕ್ಕೆ ಇಂಥ ಕಾಯಿಲೆ ವಾಸಿ ಎಂಬುದಕ್ಕೆ ನಮ್ಮ ಮೇಷ್ಟ್ರ ಪ್ರಶ್ನೆಯ ಮುಂದೆ ನಿಲ್ಲುವ ಆಧಾರವಿಲ್ಲ. ಇಟಲಿಯಲ್ಲಿ 24 ಜನರ ಮೇಲೆ ಮಾಡಿದ ಒಂದು ಅಧ್ಯಯನ 2006ರಲ್ಲಿ ಬಂತು. ಅದರಲ್ಲಿ ಭಾರತದ ರಾಗಸಂಗೀತವೂ ಸೇರಿ ಆರು ಬಗೆಯ ಸಂಗೀತ ಕೇಳಿಸಿದರು. ಶೈಲಿ ಯಾವುದು ಎನ್ನುವುದಕ್ಕಿಂತ ವೇಗವೇ ಮುಖ್ಯವಾಯಿತು. ವೇಗದ ಸಂಗೀತಕ್ಕೆ ಉಸಿರು, ಎದೆಬಡಿತ, ರಕ್ತದೊತ್ತಡ ಏರಿದವು. ಎಲ್ಲಕ್ಕಿಂತ ಹೆಚ್ಚು ಶಾಂತವಾದದ್ದು ಯಾವಾಗ ಗೊತ್ತೇ? ಮಧ್ಯೆ ಎರಡು ನಿಮಿಷ ಸಂಗೀತ ನಿಲ್ಲಿಸಿದಾಗ!

ಪರೀಕ್ಷೆಗೆ ಮುಂಚೆ ಮೊಜಾರ್ಟ್ ಕೇಳಿದರೆ ಮಕ್ಕಳು ಬುದ್ಧಿವಂತರಾಗುತ್ತಾರೆ ಎಂಬ ಮಾತೂ ಇದೆ. ಅದಕ್ಕೆ ಮೂಲ 1993ರ ಒಂದು ಪುಟ್ಟ ಪ್ರಯೋಗ. ಅದು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ್ದು. ಆಕೃತಿಗಳನ್ನು ಮನಸ್ಸಿನಲ್ಲೇ ಮಡಿಸಿ ತಿರುಗಿಸುವಂಥ ಲೆಕ್ಕದಲ್ಲಿ ಕಂಡ ಸುಧಾರಣೆ ಹತ್ತು ಹದಿನೈದು ನಿಮಿಷಕ್ಕೇ ಮುಗಿದಿತ್ತು. ಮಕ್ಕಳೇ, ಪರೀಕ್ಷೆಗೆ ಓದಲೇಬೇಕು, ಬೇರೆ ದಾರಿಯಿಲ್ಲ.

ಆಟಿಸಂ ಇರುವ ಮಕ್ಕಳ ತಾಯಂದಿರು ನನ್ನ ಹತ್ತಿರ ಬಂದು, ‘ಸಂಗೀತ ಚಿಕಿತ್ಸೆ ಮಾಡಿಸಿದರೆ ಪೂರ್ತಿ ಗುಣವಾಗುತ್ತದಂತೆ, ಇಷ್ಟು ಸಾವಿರ ಕೇಳುತ್ತಿದ್ದಾರೆ, ಓಲೆ ಅಡವಿಡಲೇ?’ ಎಂದು ಕೇಳುತ್ತಾರೆ. ಒಂಬತ್ತು ದೇಶಗಳ 364 ಮಕ್ಕಳನ್ನು ಸೇರಿಸಿ ಮಾಡಿದ ದೊಡ್ಡ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಐದು ತಿಂಗಳ ಸಂಗೀತ ಚಿಕಿತ್ಸೆಯ ನಂತರ ಲಕ್ಷಣಗಳ ತೀವ್ರತೆಯಲ್ಲಿ ಎದ್ದು ಕಾಣುವ ವ್ಯತ್ಯಾಸ ಇರಲಿಲ್ಲ. 2022ರಲ್ಲಿ 26 ಅಧ್ಯಯನಗಳನ್ನು ಕೂಡಿಸಿ ನೋಡಿದ ವರದಿ ಸ್ವಲ್ಪ ಹೆಚ್ಚು ಭರವಸೆ ಕೊಡುತ್ತದೆ. ಇದೆಲ್ಲ ನೋಡಿ ನಾನು ಆ ತಾಯಂದಿರಿಗೆ ಹೇಳುವುದಿಷ್ಟು. ಹಾಡು ಮಗುವಿಗೂ ನಿಮಗೂ ನಡುವೆ ಒಂದು ಬಾಗಿಲು ತೆರೆಯಬಹುದು. ಗುಣಪಡಿಸುತ್ತೇವೆ ಎಂದು ಬರೆದುಕೊಡುವವರನ್ನು ನಂಬಬೇಡಿ. ಓಲೆ ಕಿವಿಯಲ್ಲೇ ಇರಲಿ.

ಇನ್ನು ನನ್ನ ಅಪ್ಪನ ಆ ಸಂಜೆಗೆ ಮರಳುತ್ತೇನೆ. ಹಾಡು ಅಪ್ಪನಿಗೆ ಮೂವತ್ತು ಮಾತು ಕೊಟ್ಟಿತು. ನಾವು ಎಣ್ಣೆ ತಿಕ್ಕಿಸುತ್ತ ಕಳೆದ ರಾತ್ರಿಯನ್ನು ಯಾವ ಹಾಡೂ ಮರಳಿ ಕೊಡಲಿಲ್ಲ. ಬಾಯಿ ಒಂದು ಕಡೆ ಎಳೆದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಮೂರರಲ್ಲಿ ಒಂದೇ ಕಂಡರೂ ಕೂಡಲೇ 108ಕ್ಕೆ ಫೋನು ಮಾಡಿ. ಎಷ್ಟು ಗಂಟೆಗೆ ಶುರುವಾಯಿತೆಂದು ನೆನಪಿಟ್ಟುಕೊಳ್ಳಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ತಲೆಯ ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೇ ಹೋಗಬೇಕು. ಎಷ್ಟು ಬೇಗ ಹೋದರೆ ಅಷ್ಟು ಮೆದುಳು ಉಳಿಯುತ್ತದೆ. ಸೂಜಿ ಚುಚ್ಚಿದರೆ ಕೈಕಾಲು ಹೋಗುತ್ತದೆ ಎಂಬುದು ಸುಳ್ಳು. ಇಲ್ಲಿ ಕೂತಿರುವ ಹೈಸ್ಕೂಲು ಮಕ್ಕಳೇ, ನಿಮ್ಮ ಮನೆಯಲ್ಲಿ ಅಂಥ ಸಂಜೆ ಬಂದರೆ ದೊಡ್ಡವರ ನಡುವೆ ನಿಂತು ‘ಆಸ್ಪತ್ರೆಗೆ ಹೋಗೋಣ’ ಎಂದು ಗಟ್ಟಿಯಾಗಿ ಹೇಳಿ. ನಾನು ಹೇಳಲಿಲ್ಲ. ನೀವು ಹೇಳಿ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹಾಡಿನ ಸರದಿ. ಅದಕ್ಕೆ ನಾಲ್ಕೈದು ಸರಳ ಮಾತು ಹೇಳುತ್ತೇನೆ. ರೋಗಿಗೆ ಇಷ್ಟವಾದ, ಅವರ ಪ್ರಾಯದ ಕಾಲದ ಹಾಡನ್ನೇ ಆರಿಸಿ, ನಿಮಗಿಷ್ಟವಾದದ್ದನ್ನಲ್ಲ. ಫೋನಿನಲ್ಲಿ ಹಾಕಿಟ್ಟು ಹೊಲಕ್ಕೆ ಹೋಗುವುದಕ್ಕಿಂತ ಹತ್ತು ನಿಮಿಷ ಹತ್ತಿರ ಕೂತು ಜೊತೆಗೆ ಹಾಡುವುದು ಮೇಲು. ದಿನಾ ಒಂದೇ ಹೊತ್ತಿಗೆ ಮಾಡಿ. ಮುಖ ನೋಡುತ್ತಿರಿ. ಹುಬ್ಬು ಗಂಟಾದರೆ, ಅಳು ಬಂದರೆ, ನಿಲ್ಲಿಸಿ. ಕೆಲವು ಹಾಡು ನೋವನ್ನೂ ಎಬ್ಬಿಸುತ್ತವೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಒಂದು ದಿನವೂ ಬಿಡಬೇಡಿ.

ದನಿಯ ಬಗ್ಗೆಯೂ ಒಂದು ಮಾತು. ಯಾರೂ ತಪ್ಪು ತಿಳಿಯಬಾರದು. ನಮ್ಮ ಅಪ್ಪನಿಗೆ ನಾಲಿಗೆ ಬಿಚ್ಚಿದ ಆ ಭಜನೆ ಬರೀ ಬಾಯಿ, ತಾಳ, ಹಾರ್ಮೋನಿಯಂನಲ್ಲಿ ನಡೆದದ್ದು. ಈಗ ಹಬ್ಬ ಬಂದರೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು ಬರುತ್ತವೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಇರುವ ಕಡೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಕಾನೂನು ಆಚೆಗಿರಲಿ, ಆ ಬೀದಿಯಲ್ಲಿ ಲಕ್ವ ಹೊಡೆದು ಮಲಗಿದವರೊಬ್ಬರು, ಹಸಿ ಬಾಣಂತಿಯೊಬ್ಬಳು ಇರುತ್ತಾರೆ ಎಂಬುದು ನೆನಪಿರಲಿ. ಅದೇ ದೇವರ ಹಾಡು, ದನಿ ಮೀರಿದರೆ ಅವರಿಗೆ ಹಿಂಸೆ.

ಕೊನೆಯದಾಗಿ ಶಾಲೆಗೆ ನನ್ನದೊಂದು ಕೋರಿಕೆ. ಅಪ್ಪನಿಗೆ ಮಾತು ನಿಂತಾಗ ಅವರ ಹಾಡು ನಮಗೆ ಗೊತ್ತಿತ್ತು. ಭಜನೆಯವರಿಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು. ಆ ಹಾಡಿನ ತುದಿ ಹಿಡಿದುಕೊಂಡೇ ನಾವು ಮುಂದೆ ಹೋದದ್ದು. ಇವತ್ತು ನನ್ನ ಹತ್ತಿರ ಬರುವ ಮಕ್ಕಳನ್ನು, ‘ನಿಮ್ಮ ಅಜ್ಜನಿಗೆ ಯಾವ ಹಾಡು ಇಷ್ಟ?’ ಎಂದು ಕೇಳಿದರೆ ಅನೇಕರು ಮುಖ ಮುಖ ನೋಡುತ್ತಾರೆ. ಚಿಕಿತ್ಸೆ ಶುರು ಮಾಡಲು ನನಗೆ ಎಳೆ ಸಿಗುವುದಿಲ್ಲ. ಹಾಗಾಗಿ ತಿಂಗಳಿಗೆ ಒಂದು ಶನಿವಾರ ಕೊನೆಯ ಅವಧಿಯನ್ನು ಇದಕ್ಕೆ ಕೊಡಿ. ಊರಿನ ಅಜ್ಜ ಅಜ್ಜಿಯರನ್ನು ಶಾಲೆಗೆ ಕರೆಯಿರಿ. ರಾಗಿ ಬೀಸುವ ಪದ, ಸೋಬಾನೆ ಪದ, ನಾಟಕದ ಕಂದ, ತತ್ವಪದ, ಹಳೆಯ ಸಿನಿಮಾ ಹಾಡು, ಯಾವುದಾದರೂ ಸರಿ, ಅವರು ಹಾಡಲಿ, ಮಕ್ಕಳು ಕಲಿಯಲಿ. ಯಾರಿಗೆ ಯಾವ ಹಾಡು ಎಂದು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಆ ಪುಸ್ತಕದ ಖರ್ಚು ನಮ್ಮ 2004ರ ಎಸ್ಸೆಸ್ಸೆಲ್ಸಿ ಬ್ಯಾಚಿನದು. ಒಂದಲ್ಲ ಒಂದು ದಿನ ಅದು ಯಾರದೋ ಮನೆಯಲ್ಲಿ ಕೆಲಸಕ್ಕೆ ಬರುತ್ತದೆ.

ಆಮೇಲಿನ ವರ್ಷಗಳಲ್ಲಿ ಅಪ್ಪ ಕೃಷ್ಣನ ಪಾತ್ರ ಮಾಡಲಿಲ್ಲ. ಆದರೆ ಪ್ರತಿ ಹಬ್ಬದ ನಾಟಕದಲ್ಲೂ ಹಾರ್ಮೋನಿಯಂ ಮೇಷ್ಟ್ರ ಪಕ್ಕ ಅವರಿಗೊಂದು ಕುರ್ಚಿ ಹಾಕುತ್ತಿದ್ದರು. ಎಡಗೈಯನ್ನು ತೊಡೆಯ ಮೇಲೆ ತಟ್ಟುತ್ತ, ಹೊಸ ಕೃಷ್ಣ ಎಲ್ಲಿ ತಪ್ಪಿದರೂ ತಾವು ಹಾಡಿ ತಿದ್ದುತ್ತಿದ್ದರು. ಅವರನ್ನು ಹಠಮಾರಿ ಎಂದು ಆಮೇಲೆ ಯಾರೂ ಅನ್ನಲಿಲ್ಲ.